ಗಣಪಿಗೊಂದು ಕ್ಯಾರಿಯರ್

ಹಳದೀಪುರದ ನಮ್ಮ ಕೇರಿಯಲ್ಲಿ ದೇವಪ್ಪ ನಾಯ್ಕನಿಗೆ ಸೈಕಲ್ ದೇವಪ್ಪ ಎಂದೇ ಹೆಸರು. ಕುಮಟೆಯ ಬಟ್ಟೆ ಅಂಗಡಿಯಲ್ಲಿ ಬಟ್ಟೆ ಅಳೆದು ಹರಿಯುವ ಕೆಲಸಕ್ಕೆ ಸೇರಿದಂದಿನಿಂದ ಅದನ್ನು ಬಿಡುವ ತನಕ ಅವನು ಹೋಗಿ ಬಂದದ್ದೆಲ್ಲ ಸೈಕಲ್ಲಿನಲ್ಲೇ. ಊರಿಗೆ ಊರೇ ಸ್ಕೂಟರ್ ಹತ್ತಿದರೂ ಅವನು ತನ್ನ ಕರಿ ಸೈಕಲ್ಲಿನಿಂದ ಇಳಿಯಲಿಲ್ಲ. ನಾನು ಅವನ ಪಕ್ಕದ ಮನೆಯವನು. ನಮ್ಮಿಬ್ಬರ ಅಂಗಳದ ನಡುವೆ ಇರುವುದು ಒಂದು ದಾಸವಾಳದ ಬೇಲಿ ಮಾತ್ರ. ಅದರ ಮೇಲಿಂದ ಇಣುಕುವುದು ನನ್ನ ಹಳೆಯ ಚಟ, ಅದಕ್ಕೆ ನನ್ನ ಹೆಂಡತಿ ಬೈಯದ ದಿನವಿಲ್ಲ.

ಹಾಗೆ ಇಣುಕಿ ನಾನು ನೋಡಿದ ಅತ್ಯಂತ ಚಂದದ ನೋಟವೆಂದರೆ ದೇವಪ್ಪ ಹೆಂಡತಿಯನ್ನು ತವರಿಗೆ ಕರೆದೊಯ್ಯುತ್ತಿದ್ದುದು. ಗಣಪಿಯ ತವರು ಕರ್ಕಿ. ಎಡಬದಿಗೆ ಎರಡೂ ಕಾಲು ಇಳಿಬಿಟ್ಟು ಅವಳು ಕ್ಯಾರಿಯರ್ ಮೇಲೆ ಕೂರುತ್ತಿದ್ದಳು, ಮಡಿಲಲ್ಲಿ ಹೆತ್ತ ಅವ್ವಿಗೆಂದು ಒಯ್ಯುವ ಬಾಳೆಹಣ್ಣಿನ ಚೀಲ. ಇವನು ಯಕ್ಷಗಾನದ ಪದ್ಯ ಹೇಳುತ್ತ, ಬೆಲ್ಲಿನಲ್ಲೇ ತಾಳ ಹಾಕುತ್ತ ತುಳಿಯುತ್ತಿದ್ದ. ಆಗಿನ ಹೆದ್ದಾರಿಯಲ್ಲಿ ಎದುರುಬದುರು ಲಾರಿ ಬಂದರೆ ಒಂದು ಮಣ್ಣಿಗಿಳಿಯಬೇಕಿತ್ತು. ಎರಡೂ ಬದಿ ಮರಗಳಿದ್ದವು, ಸೈಕಲ್ಲಿನವನಿಗೂ ರಸ್ತೆಯಲ್ಲಿ ಒಂದು ಪಾಲಿತ್ತು.

ರಸ್ತೆ ನಾಲ್ಕು ಪಥವಾಯಿತು. ಮರಗಳು ಹೋದವು. ಗಣಪಿ ಕ್ಯಾರಿಯರ್ ಬಿಟ್ಟು ರಿಕ್ಷಾ ಹತ್ತಿದಳು. ಹೋದ ವರ್ಷ ಅವಳ ಅವ್ವಿ ತೀರಿಕೊಂಡ ಮೇಲೆ, ಅಣ್ಣ ಎಷ್ಟು ಕರೆದರೂ ಕರ್ಕಿಗೆ ಹೋಗುವುದನ್ನೇ ನಿಲ್ಲಿಸಿಬಿಟ್ಟಳು. ಅದೇ ವರ್ಷದ ಮಳೆಗಾಲದಲ್ಲಿ ಕರಿ ಸೈಕಲ್ಲಿನ ಮುಂದಿನ ಫೋರ್ಕು ಉಪ್ಪುಗಾಳಿಗೆ ತುಕ್ಕು ತಿಂದು ಮುರಿಯಿತು. ದೇವಪ್ಪ ಬೇಲಿಯ ಹತ್ತಿರ ಬಂದು ನಿಂತ.

"ಹೊಸ ಸೈಕಲ್ ತಕಂತೆ ಮಾರಾಯ. ನಂಗೆ ಬೇರೆ ಎಂತ ಆಸೆಯೂ ಇಲ್ಲ. ಮೊದ್ಲಿನ ಹಂಗೆ ಗಣಪಿನ ಹಿಂದೆ ಕೂರಿಸ್ಕಂಡು ಒಂದ್ಸಲ ಕರ್ಕಿಗೆ ಹೋಗ್ಬೇಕು. ಅದು ಪಾಪ, ಅವ್ವಿ ಹೋದ ಮೇಲೆ ಮನೆ ಒಳಗೇ ಕುಂತು ಒಣಗ್ತಾ ಉಂಟು."

ಇಬ್ಬರೂ ಹೊನ್ನಾವರಕ್ಕೆ, ದಿನಕರ ಶೇಟನ ಸೈಕಲ್ ಅಂಗಡಿಗೆ ಹೋದೆವು. ಹಳೇ ನಮೂನೆಯ ಸೈಕಲ್ಲು ಅವನಲ್ಲಿರಲಿಲ್ಲ. ಇದ್ದದ್ದು ಮಕ್ಕಳ ಸೈಕಲ್ಲುಗಳು ಮತ್ತು ಮೂಲೆಯಲ್ಲಿ ಒಂದು ಹಸಿರು ಬಣ್ಣದ್ದು. ಭಟ್ಕಳದ ಯಾರೋ ತರಿಸಲು ಹೇಳಿ ಆಮೇಲೆ ಬರಲೇ ಇಲ್ಲವಂತೆ. ದಪ್ಪ ಟಯರು, ಗೇರು, ಟಗರಿನ ಕೊಂಬಿನಂತೆ ಕೆಳಕ್ಕೆ ಬಾಗಿದ ಹ್ಯಾಂಡಲ್ಲು.

"ಇದಕ್ಕೆ ಗ್ರಾವೆಲ್ ಬೈಕ್ ಹೇಳ್ತಾರೆ. ಆ ಜಾತಿಯಲ್ಲಿ ಇದೇ ಅಗ್ಗದ್ದು," ಎಂದ ದಿನಕರ. "ಜಲ್ಲಿ, ಮಣ್ಣು, ಕಡಲ ಹೊಯ್ಗೆ, ಎಲ್ಲಿ ಬೇಕಾರೂ ಹೋಗ್ತದೆ."

"ಕ್ಯಾರಿಯರ್ ಎಲ್ಲಿತ್ತು? ಮಡ್ಗಾರ್ಡ್ ಎಲ್ಲಿತ್ತು? ಸ್ಟ್ಯಾಂಡ್? ನೀ ಅರ್ಧ ಸೈಕಲ್ ತೋರಿಸ್ತಾ ಇದ್ದೆ!" ಎಂದ ದೇವಪ್ಪ.

ಅರ್ಧ ಸೈಕಲ್ಲನ್ನೇ ಕೊಂಡದ್ದಾಯಿತು. ನಮ್ಮ ಕಾಲದಲ್ಲೂ ಸೈಕಲ್ಲು ಬೋಳಾಗಿಯೇ ಬರುತ್ತಿತ್ತು, ಒಂದೊಂದೇ ಸಾಮಾನು ಹಾಕಿಸಿಕೊಳ್ಳುತ್ತಿದ್ದೆವು. ಹಾಗಾಗಿ ದೇವಪ್ಪ ಹೆದರಲಿಲ್ಲ. ಇಂಥ ಸೈಕಲ್ಲನ್ನು ಸುಧಾರಿಸುವುದು ಹೇಗೆಂದು ನಾನು ಮೊಬೈಲಿನಲ್ಲಿ ನೋಡಿದೆ. ಲೋಕದ ಜನರೆಲ್ಲ ಅದರ ತೂಕ ಇಳಿಸಲು ಒದ್ದಾಡುತ್ತಿದ್ದರು. ಇವನು ಏರಿಸುತ್ತ ಹೋದ. ಕೊಂಬಿನ ಹ್ಯಾಂಡಲ್ಲು ಹೋಗಿ ನೆಟ್ಟನೆಯದು ಬಂತು. ಮಡ್ಗಾರ್ಡು, ಎರಡು ಕಾಲಿನ ಸ್ಟ್ಯಾಂಡು, ಸ್ಪ್ರಿಂಗಿನ ಸೀಟು, ಹಿತ್ತಾಳೆಯ ಬೆಲ್ಲು ಬಂದವು. ಅಂಗಡಿಯ ಕ್ಯಾರಿಯರ್ ಚೀಲ ಹೊರುವಂಥದ್ದು, ಮನುಷ್ಯರನ್ನಲ್ಲ ಎಂದು ದಿನಕರ ಕೈಯಲ್ಲಾಡಿಸಿದ್ದಕ್ಕೆ, ಶಿರಾಲಿಯ ವೆಲ್ಡಿಂಗಿನವನಿಂದ ಕಬ್ಬಿಣದ್ದೇ ಒಂದನ್ನು ಮಾಡಿಸಿ ತಂದ. ಅದಕ್ಕೆ ಎಡಬದಿಯಲ್ಲಿ ಕಾಲಿಡಲು ಸರಳು, ಸೀರೆ ಚಕ್ರಕ್ಕೆ ಸಿಗದಂತೆ ಜಾಲರಿ. ಮೂಗಿಗಿಂತ ಮೂಗುತಿ ಭಾರ ಎಂದು ನಾನು ನಕ್ಕಿದ್ದಕ್ಕೆ, ತೂಕ ತಡೆಯುತ್ತದೋ ಇಲ್ಲವೋ ನೋಡಲು ನನ್ನನ್ನೇ ಅದರ ಮೇಲೆ ಕೂರಿಸಿ ಕೇರಿಯೆಲ್ಲ ಸುತ್ತಿಸಿದ. ಕ್ಯಾರಿಯರ್ ತಡೆಯಿತು, ನನ್ನ ಮರ್ಯಾದೆ ತಡೆಯಲಿಲ್ಲ.

ಗಣಪಿ ಇದನ್ನೆಲ್ಲ ಜಗಲಿಯಿಂದ ನೋಡುತ್ತಿದ್ದಳು. "ಅರವತ್ತಕ್ಕೆ ಅರಳು ಮರಳು," ಅಂದದ್ದು ಬಿಟ್ಟರೆ ಬರುತ್ತೇನೆ ಎಂದೂ ಹೇಳಲಿಲ್ಲ, ಇಲ್ಲ ಎಂದೂ ಹೇಳಲಿಲ್ಲ.

ಆಗಲೇ ನಮ್ಮ ಕರಾವಳಿಯವನು ಮಾತ್ರ ಮಾಡಬಹುದಾದ ಎಡವಟ್ಟನ್ನು ದೇವಪ್ಪ ಮಾಡಿದ. ಇಲ್ಲಿ ಕಬ್ಬಿಣ ಕಂಡರೆ ತೆಂಗಿನೆಣ್ಣೆ ಸವರುವುದು ಹುಟ್ಟುಗುಣ. ಬಾಗಿಲ ಚಿಲಕ, ಕತ್ತಿ, ಹೊಲಿಗೆ ಮಿಶನ್ನು, ಎಲ್ಲಕ್ಕೂ. ಈ ಸೈಕಲ್ಲಿನ ಬ್ರೇಕು ಚಕ್ರದ ನಡುವಿನ ಬಿಲ್ಲೆಯೊಂದನ್ನು ಕಚ್ಚಿ ಹಿಡಿಯುವ ಜಾತಿಯದು. ಆ ಬಿಲ್ಲೆಗಳು ಮಿರಮಿರ ಮಿಂಚುವುದನ್ನು ಕಂಡು, ಇವಕ್ಕೂ ತುಕ್ಕು ಹತ್ತೀತು ಪಾಪ ಎಂದು, ಎರಡಕ್ಕೂ ಬಟ್ಟೆ ಅದ್ದಿ ಅದ್ದಿ ಎಣ್ಣೆ ಕುಡಿಸಿದ. ಮರುದಿನ ದೇವಸ್ಥಾನದ ಇಳಿಜಾರಿನಲ್ಲಿ ಬ್ರೇಕು ಹಿಡಿದರೆ ಸೈಕಲ್ಲಿಗೆ ಕೇಳಿಸಲೇ ಇಲ್ಲ. ನೆಟ್ಟಗೆ ಹೋಗಿ ಗದ್ದೆಯ ಕೆಸರಿನಲ್ಲಿ ನಿಂತಿತು. ಬಾವಿಕಟ್ಟೆಯಲ್ಲಿದ್ದ ಗಣಪಿ ಪೂರ್ತಿ ನೋಡಿದಳು. ಕೆಸರು ಮೆತ್ತಿಕೊಂಡು ಬಂದ ಗಂಡನಿಗೆ ಬಿಸಿನೀರು ಕೊಟ್ಟು, "ನಾ ಅದ್ರ ಮೇಲೆ ಕೂರೂದಿಲ್ಲ. ಆತಲ್ಲ?" ಎಂದಳು.

ದಿನಕರ ಬೈದು ಬೈದು ಬಿಲ್ಲೆ ತೊಳೆದ, ಬ್ರೇಕಿನ ಪ್ಯಾಡು ಬದಲಿಸಿದ. ಈಗ ಹಿಡಿದಲ್ಲಿ ನಿಲ್ಲುತ್ತಿತ್ತು. ನವರಾತ್ರಿ ಕಳೆದ ಮೇಲೆ ಒಂದು ಬೆಳಿಗ್ಗೆ ದೇವಪ್ಪ ಕ್ಯಾರಿಯರ್ ಮೇಲೆ ಮಡಚಿದ ಕಂಬಳಿ ಕಟ್ಟಿ ಅವಳನ್ನು ಕರೆದ. ಅವಳು ಅಂಗಳ ಗುಡಿಸುತ್ತಲೇ ಇದ್ದಳು. ನಾನು ಬೇಲಿಯ ಹತ್ತಿರ ದಾಸವಾಳ ಕೊಯ್ಯುವ ನೆಪದಲ್ಲಿದ್ದೆ.

"ಬೀಳ್ತೆ ಹೇಳಿ ಹೆದ್ರಿಕೆಯಾ? ಜನ ನಗ್ತಾರೆ ಹೇಳಿಯಾ? ಎಷ್ಟ್ ಖುಷಿಲಿ ಹೋಗ್ತಿದ್ವು ನಾವು, ಮರ್ತೋತಾ?"

ಗಣಪಿ ಪೊರಕೆ ಕೆಳಗಿಟ್ಟಳು. "ಖುಷಿ ಮುಂದೆ ಕುಂತವ್ರಿಗೆ. ಹಿಂದೆ ಕುಂತದ್ದು ಎಂತ ನೋಡ್ತು ಹೇಳಿ ಒಂದಿನ ಕೇಳಿದ್ರಾ?"

"ಎಂತ ನೋಡ್ದೆ?"

"ಎಡಕ್ಕೆ ಮುಖ ಹಾಕಿ ಕೂರೂದು. ಕರ್ಕಿಗೆ ಹೋಗೂವಾಗ ಗುಡ್ಡದ ಬದಿ, ಬರೂವಾಗ ಸಮುದ್ರದ ಬದಿ. ಬರೂವಾಗ ಅವ್ವಿ ಬೇಲಿ ದಣಪೆ ತನಕ ಬಂದು ನಿಂತಿರ್ತಿತ್ತು. ಹೊಳೆ ದಾಟಿ ನಮ್ಮನೆ ಮುಟ್ಟೂ ತನಕ ನಂಗೆ ಕಣ್ಣೀರು ನಿಲ್ತಿರ್ಲಿಲ್ಲ. ಸಮುದ್ರ ಎಲ್ಲಿ ಕಾಣೂದು? ನೀವು ಪದ್ಯ ಹೇಳ್ತಾ ಇದ್ರಿ."

ತನ್ನ ಬಾಳಿನಲ್ಲೇ ಸುಖದ ಗಳಿಗೆಗಳೆಂದು ದೇವಪ್ಪ ಇಟ್ಟುಕೊಂಡಿದ್ದವುಗಳ ಬೆನ್ನ ಹಿಂದೆ ಒಬ್ಬಳು ಸುಮ್ಮನೆ ಅತ್ತಿದ್ದಳು. ಪಾಪ, ಅವನಾದರೂ ಹೇಗೆ ತಿಳಿದಾನು? ಸೈಕಲ್ ತುಳಿಯುವವನು ಹಿಂದೆ ತಿರುಗಿದರೆ ಇಬ್ಬರೂ ಬೀಳುತ್ತಾರೆ. ನನಗೆ ಅಲ್ಲಿ ನಿಲ್ಲಲಾಗದೆ, ಕೊಯ್ದ ಹೂವನ್ನೂ ಬಿಟ್ಟು ಒಳಗೆ ಹೋದೆ.

ಮಧ್ಯಾಹ್ನ ನೋಡಿದರೆ ಸೈಕಲ್ಲು ಇಲ್ಲ, ದೇವಪ್ಪನೂ ಇಲ್ಲ. ಮತ್ತೆ ಹೊನ್ನಾವರದಲ್ಲಿದ್ದ. ಕಾಲಿಡುವ ಸರಳು, ಜಾಲರಿ ಎರಡನ್ನೂ ಬಲಬದಿಗೆ ಹಾಕಿಕೊಡು, ಚೈನು ಗೇರಿಗೂ ತಗಡಿನ ಮುಚ್ಚಿಗೆ ಮಾಡು ಎಂದು ದಿನಕರನ ತಲೆ ತಿಂದನಂತೆ. "ಬಲಬದಿಗೆ ಯಾರು ಕೂರ್ತ್ರು?" ಎಂದು ದಿನಕರ ಕಿರುಚಿದನಂತೆ. "ನನ್ ಹೆಂಡ್ತಿ ಕೂರ್ತು," ಎಂದನಂತೆ ಇವನು.

ಮುಂದಿನ ಭಾನುವಾರ ಗಣಪಿ ನೀಲಿ ಸೀರೆ ಉಟ್ಟು ಹೊರಗೆ ಬಂದಳು. ಮುಖ ಬಿಗಿದುಕೊಂಡಿದ್ದರೂ ತಲೆಯಲ್ಲಿ ಅಬ್ಬಲಿಗೆ ಹೂವಿತ್ತು.

"ಹೆದ್ದಾರಿ ಬ್ಯಾಡ," ಎಂದ ದೇವಪ್ಪ. "ತೋಟದ ಹಿಂದೆ ಕಡಲ ಬದಿಗೆ ಮಣ್ಣುದಾರಿ ಉಂಟಲ್ಲ, ಅದ್ರಲ್ಲಿ ಹೋಗ್ವ. ಹೊಳೆ ಹತ್ರ ಮಾತ್ರ ಇಳಿದು ಸೇತುವೆ ದಾಟ್ವ. ಈ ಬದಿ ಕುಂತ್ಕ, ಹೋಗೂವಾಗ್ಲೇ ಸಮುದ್ರ ಕಾಣ್ತದೆ."

ಅವಳು ಬಲಕ್ಕೆ ಮುಖ ಮಾಡಿ ಕೂತಳು. ಅವನು ತುಳಿದ. ಸೈಕಲ್ಲು ನೇರ ನನ್ನ ದಾಸವಾಳದ ಬೇಲಿಗೆ ಬಂತು. ಇಷ್ಟು ವರ್ಷ ಅವಳ ಭಾರ ಎಡಕ್ಕೆ, ಅದನ್ನು ಸರಿದೂಗಿಸಲು ಇವನ ಮೈ ತಾನಾಗಿ ಬಲಕ್ಕೆ ವಾಲುತ್ತಿತ್ತು. ಈಗ ಅವಳೂ ಬಲಕ್ಕೆ, ಇವನೂ ಬಲಕ್ಕೆ. ಎರಡನೇ ಸಲ ಅಂಗಳದಲ್ಲೇ ಒಂದು ಸುತ್ತು ಹೊಡೆದು ತುಳಸಿಕಟ್ಟೆಯ ಹತ್ತಿರ ನಿಂತ. ಸೈಕಲ್ ದೇವಪ್ಪ ಸೈಕಲ್ ಕಲಿಯುವುದನ್ನು ಕಂಡು ಗಣಪಿ ಬಾಯಿಗೆ ಸೆರಗಿಟ್ಟುಕೊಂಡು ನಕ್ಕಳು. ಅವ್ವಿ ಸತ್ತ ಮೇಲೆ ಅವಳು ನಕ್ಕದ್ದನ್ನು ನಾನು ಕಂಡದ್ದು ಅದೇ ಮೊದಲು.

ಆಮೇಲೆ ಓಲಾಡುತ್ತಲೇ ದಾರಿ ಹಿಡಿಯಿತು. ತೋಟದ ತಿರುವಿನಲ್ಲಿ ದೇವಪ್ಪ ಮುಂದೆ ನೋಡುತ್ತಲೇ ಕೂಗಿ ಹೇಳಿದ್ದು ನನಗೂ ಕೇಳಿಸಿತು.

"ಏ ಗಣಪಿ, ಬರೂವಾಗ ಅಳು ಬಂದ್ರೆ ಹೇಳು. ನಿಲ್ಲಿಸ್ತೆ."

"ಅವ್ವಿ ಇಲ್ದಿದ್ದ ಮನೆಯಿಂದ ಬರೂಕೆ ಎಂತ ಅಳು?" ಎಂದಳು ಗಣಪಿ. "ನೀವು ತುಳೀರಿ."