ಬೇರೆ ಕಾಯಿಲೆ ಇಲ್ಲ ಸಾರ್

ಸುಮಾ, ನಿನ್ನ ಅಪ್ಪನಿಗೆ ಕುಷ್ಠರೋಗವಿದೆ ಎನ್ನುವುದು ನಿಮಗೆಲ್ಲ ತಿಳಿಯುವುದಕ್ಕೆ ಮೂರು ವರ್ಷ ಮೊದಲೇ ನನಗೆ ಗೊತ್ತಿತ್ತು. ಡಾಕ್ಟರು ನನ್ನ ಕೈಗೆ ಚೀಟಿ ಬರೆದುಕೊಟ್ಟಿದ್ದರು. ಅದನ್ನು ನಾನು ಮೆಡಿಕಲ್ ಬೋರ್ಡಿಗೆ ತೋರಿಸಲಿಲ್ಲ, ನಿನ್ನ ಅಮ್ಮನಿಗೆ ಹೇಳಲಿಲ್ಲ, ಕಾಯಿಲೆ ಯಾರದೋ ಆ ಅಣ್ಣನಿಗೂ ಹೇಳಲಿಲ್ಲ. ಬರೆಯುತ್ತಿರುವಾಗಲೇ ನನ್ನ ಮೇಲೆ ನನಗೇ ಹೇಸಿಗೆಯಾಗುತ್ತಿದೆ.

ಎಪ್ಪತ್ತರ ದಶಕದ ನಡುವಿನ ಮಾತು. ಮಾರೇನಹಳ್ಳಿಯ ವಠಾರದಲ್ಲಿ ಶೀಟಿನ ಮನೆಯಲ್ಲಿದ್ದೆವು — ಅಣ್ಣ, ಅತ್ತಿಗೆ, ಮೂರು ವರ್ಷದ ನೀನು, ನಾನು. ಅಣ್ಣ ಮಾಗಡಿ ರಸ್ತೆಯ ಒಂದು ಕಾರ್ಖಾನೆಯಲ್ಲಿ ಪ್ರೆಸ್ ಮಷೀನು ನಡೆಸುತ್ತಿದ್ದ. ಆ ಮಷೀನು ಅವನ ಬಲಗೈಯ ಎರಡು ಬೆರಳು ತೆಗೆದುಕೊಂಡಿತು. ಗಾಯ ಮಾಗಿದ ಮೇಲೆ ವಿಮೆಯ ಕಡೆಯ ಡಾಕ್ಟರುಗಳು ಒಟ್ಟಿಗೆ ಕೂತು ಕೈ ನೋಡಿ, ದುಡಿಯುವ ಶಕ್ತಿ ಎಷ್ಟು ಹೋಗಿದೆ ಎಂದು ಬರೆಯಬೇಕು. ಅದರ ಮೇಲೆ ಪಿಂಚಣಿ. ಅದಕ್ಕೇ ಬೋರ್ಡು ಎನ್ನುತ್ತಿದ್ದರು. ನಾನು ಎಸ್ಸೆಸ್ಸೆಲ್ಸಿ ಮುಗಿಸಿ ಟೈಪಿಂಗ್ ಕಲಿಯುತ್ತಿದ್ದೆ, ಅಣ್ಣನೇ ಸೇರಿಸಿದ್ದು. ಇಂಗ್ಲಿಷ್ ಓದಲು ಬರುತ್ತಿದ್ದವಳು ನಾನೊಬ್ಬಳೇ ಆದ್ದರಿಂದ ಅವನ ಜೊತೆ ದವಾಖಾನೆಗೆ ಹೋಗುವುದು ನನ್ನ ಕೆಲಸ.

ಬೋರ್ಡಿಗೆ ನಾಲ್ಕು ದಿನ ಇರುವಾಗ ದವಾಖಾನೆಯಲ್ಲಿ, ಯಾರದೋ ರಜೆಯ ಜಾಗಕ್ಕೆ ಬಂದಿದ್ದ ಡಾಕ್ಟರೊಬ್ಬರು ಇದ್ದರು. ಬೆರಳು ಮಾತ್ರ ಹೋಗಿದ್ದರೂ ಮೊಣಕೈವರೆಗೆ ಸ್ಪರ್ಶವೇ ಇಲ್ಲ ಎಂದ ಅಣ್ಣ. ಅವರು ಅಂಗಿ ತೆಗೆಸಿದರು. ಭುಜದ ಹಿಂದೆ ಅಂಗೈಯಗಲದ ಬಿಳಿಚಿದ ಮಚ್ಚೆ. ಅವನ ಕಣ್ಣು ಮುಚ್ಚಿಸಿ ಅದರ ಮೇಲೆ ಹತ್ತಿ ಆಡಿಸಿದರು, ಮೊಣಕೈ ಹಿಂದಿನ ನರವನ್ನು ಒತ್ತಿ ನೋಡಿದರು. ಆಮೇಲೆ ಅವನನ್ನು ಮುಲಾಮು ತರಲು ಕಳಿಸಿ ನನ್ನ ಕಡೆ ತಿರುಗಿದರು.

"ಗಾಬರಿ ಆಗ್ಬೇಡಿ. ಈ ಜೋಮು ಪ್ರೆಸ್‌ನಿಂದ ಬಂದಿದ್ದಲ್ಲ, ಕುಷ್ಠ. ಮಾತ್ರೆ ಇದೆ, ಆದ್ರೆ ಈಗ್ಲೇ ಶುರು ಮಾಡ್ಬೇಕು. ಈ ಚೀಟೀನ ಬೋರ್ಡಿಗೆ ತೋರ್ಸಿ. ಬೆರಳಿಗೆ ಬರೋ ಪಿಂಚಣಿ ಬಂದೇ ಬರುತ್ತೆ, ಈ ಕಾಯಿಲೆಗೂ ರಜ ಸಿಗುತ್ತೆ. ಅಣ್ಣಂಗೆ ನೀವೇ ಮೆಲ್ಲಗೆ ಹೇಳಿ. ಮನೇಲಿ ಮಕ್ಕಳಿದ್ರೆ ಅವ್ರನ್ನೂ ಕರ್ಕೊಂಡ್ಬನ್ನಿ."

ಅಂದರೆ ಪಿಂಚಣಿ ತಪ್ಪಿಹೋಗುತ್ತದೆಂದು ಮುಚ್ಚಿಟ್ಟೆ ಎನ್ನುವ ನೆಪವೂ ನನಗಿಲ್ಲ.

ಆ ಕ್ಷಣ ನನಗೆ ನೆನಪಾದದ್ದು ಅಣ್ಣನಲ್ಲ, ನನ್ನ ಕೈ. ಎರಡು ತಿಂಗಳಿಂದ ಅವನ ಗಾಯ ತೊಳೆದು ಬಟ್ಟೆ ಕಟ್ಟಿದ ಕೈ. ಅದನ್ನು ಸೀರೆಗೆ ಒರೆಸಿಕೊಂಡೆ — ಮತ್ತೆ ಮತ್ತೆ ಒರೆಸಿಕೊಂಡೆ. ಎರಡನೆಯದಾಗಿ ನೆನಪಾದದ್ದು, ಮುಂದಿನ ವಾರ ರಾಜಾಜಿನಗರದಿಂದ ನನ್ನನ್ನು ನೋಡಲು ಗಂಡಿನ ಕಡೆಯವರು ಬರುವವರಿದ್ದದ್ದು. ಕುಷ್ಠ ಇರುವ ಮನೆಯಿಂದ ಯಾರು ಹೆಣ್ಣು ತರುತ್ತಾರೆ? ಬೋರ್ಡಿನ ಕಾಗದ ಕಾರ್ಖಾನೆಗೆ ಹೋಗುತ್ತದೆ, ಅಲ್ಲಿಂದ ವಠಾರಕ್ಕೆ...

ಅಣ್ಣ ಮುಲಾಮು ಹಿಡಿದು ಬಂದ. "ಏನಂದ್ರು ಡಾಕ್ಟ್ರು?" ಎಂದ.

"ನರ ವೀಕ್ ಆಗಿದ್ಯಂತೆ. ಚೆನ್ನಾಗಿ ತಿನ್ಬೇಕಂತೆ," ಎಂದೆ.

ಮನೆಗೆ ಬಂದವಳು ಆ ಚೀಟಿಯನ್ನು ಬಚ್ಚಲಿನ ಹಂಡೆ ಒಲೆಗೆ ಹಾಕಿದೆ. ಅದು ಉರಿಯುವವರೆಗೂ ನಿಂತು ನೋಡಿದೆ.

ಬೋರ್ಡಿನ ದಿನ ಮೂವರು ಡಾಕ್ಟರು ಮೇಜಿನ ಹಿಂದೆ ಕೂತಿದ್ದರು. ಅಣ್ಣ ಅಂಗಿಯ ತೋಳನ್ನು ಮೊಣಕೈವರೆಗೆ ಮಡಿಸಿ ಕೈ ಚಾಚಿದ. ಅಂಗಿ ತೆಗೆ ಎಂದು ಯಾರೂ ಹೇಳಲಿಲ್ಲ. ಒಬ್ಬರು ಸೂಜಿ ಚುಚ್ಚಿದರು. ರಕ್ತದ ಹನಿ ಮೂಡಿತು, ಅವನ ಮುಖದಲ್ಲಿ ಏನೂ ಇಲ್ಲ.

"ಏಟು ಬಿದ್ದ ಮೇಲೇನಾ ಹೀಗಾಗಿದ್ದು? ಬೇರೆ ಕಾಯಿಲೆ ಏನಾದ್ರೂ ಇದೆ ಅಂತ ಯಾರಾದ್ರೂ ಡಾಕ್ಟರು ಹೇಳಿದ್ರಾ?"

ಅಣ್ಣ ನನ್ನ ಮುಖ ನೋಡಿದ. ದವಾಖಾನೆಯ ಚೀಟಿಗಳನ್ನೆಲ್ಲ ಓದುತ್ತಿದ್ದವಳು ನಾನು ತಾನೆ.

"ಏಟು ಬಿದ್ದ ಮೇಲೇ ಸಾರ್. ಬೇರೆ ಕಾಯಿಲೆ ಇಲ್ಲ ಸಾರ್," ಎಂದೆ.

ಹಾಗೇ ಬರೆದುಕೊಂಡರು. ಹೊರಗೆ ಬಂದು ಅಣ್ಣ, "ಎಷ್ಟು ಧೈರ್ಯವಾಗಿ ಮಾತಾಡ್ದೆ ಕಣೇ!" ಎಂದು ನಕ್ಕ. ನನಗೆ ಕಾಫಿ ಕೊಡಿಸಿದ. ನಾನು ಅವನು ಮುಟ್ಟಿದ ಲೋಟವನ್ನೇ ನೋಡುತ್ತಿದ್ದೆ.

ಈಗ ಹೇಳುವುದು ಅದಕ್ಕಿಂತ ಹೊಲಸು. ಆ ದಿನದಿಂದ ನಾನು ನನ್ನ ಲೋಟ, ತಟ್ಟೆ, ಟವಲು ಬೇರೆ ಇಟ್ಟುಕೊಂಡೆ. ಅತ್ತಿಗೆಗೆ ಏನೋ ವ್ರತ ಎಂದೆ. ಮದುವೆ ಗೊತ್ತಾಗಿ ಹೊರಡುವವರೆಗೂ ಹಾಗೇ. ಲೋಟದಿಂದ ಕಾಯಿಲೆ ಬರುವುದಿಲ್ಲ ಎಂದು ಆಮೇಲೆ ತಿಳಿಯಿತು — ಆಗ ಬರುತ್ತದೆಂದೇ ನಂಬಿದ್ದೆ. ಹಾಗೆ ನಂಬಿದವಳು ನಿನ್ನನ್ನು ಏನು ಮಾಡಿದೆ? ನೀನು ಅವನ ತಟ್ಟೆಯಲ್ಲೇ ಮುದ್ದೆ ತಿನ್ನುತ್ತಿದ್ದೆ, ಅವನ ತೋಳ ಮೇಲೆ ತಲೆಯಿಟ್ಟು ಮಲಗುತ್ತಿದ್ದೆ. ನಾನು ನೋಡುತ್ತ ಸುಮ್ಮನಿದ್ದೆ. ನನ್ನನ್ನು ಮಾತ್ರ ಉಳಿಸಿಕೊಂಡೆ.

ಮುಂದಿನದು ನಿನಗೂ ಸ್ವಲ್ಪ ನೆನಪಿರಬೇಕು. ನೀನು ಒಂದನೇ ಕ್ಲಾಸಿನಲ್ಲಿದ್ದಾಗ ಶಾಲೆಗೆ ತಪಾಸಣೆಗೆ ಬಂದವರು ನಿನ್ನ ಕೆನ್ನೆಯ ಮೇಲಿನ ಮಚ್ಚೆ ನೋಡಿ, ಮನೆಗೆ ಬಂದು ಎಲ್ಲರನ್ನೂ ಪರೀಕ್ಷಿಸಿದರು. ನಿನಗೆ ಬೇಗ ಮಾತ್ರೆ ಸಿಕ್ಕಿತು, ಗುಣವಾಯಿತು. ಅಣ್ಣನ ಬಲಗೈಯಲ್ಲಿ ಉಳಿದಿದ್ದ ಬೆರಳುಗಳು ಆಗಲೇ ಮಡಚಿಕೊಂಡಿದ್ದವು. ಸ್ಪರ್ಶ ಹೋದ ಪಾದದಲ್ಲಿ ಆಗಿದ್ದ ಹುಣ್ಣು ಮೂಳೆ ಮುಟ್ಟಿತ್ತು.

ವಿಷಯ ತಿಳಿದು ನಾನು ರಾಜಾಜಿನಗರದಿಂದ ಬಂದಾಗ ಅಣ್ಣ ಹೇಳಿದ, "ಮೂರು ವರ್ಷದ ಹಿಂದೇನೇ ಗೊತ್ತಾಗಿದ್ರೆ ಕೈ ಉಳೀತಿತ್ತಂತೆ ಕಣೇ."

"ಯಾರಿಗೆ ಗೊತ್ತಿತ್ತಣ್ಣ," ಎಂದೆ.

ಯಾವ ನಾಲಗೆ ಅದು!

ಆಮೇಲೆ ಅವನು ಮಾತ್ರೆ ತಿಂದು ಕಾಯಿಲೆಯಿಂದ ಗುಣವಾದ. ಕೈಕಾಲು ಹಾಗೇ ಉಳಿದವು. ಎಷ್ಟೋ ವರ್ಷ ಬಂದವರಿಗೆಲ್ಲ, "ಬೋರ್ಡಲ್ಲಿ ನನ್ ತಂಗಿ ಇಲ್ದಿದ್ರೆ ನಂಗೆ ಮಾತೇ ಹೊರಡ್ತಿರ್ಲಿಲ್ಲ," ಎಂದು ಹೊಗಳುತ್ತಿದ್ದ. ನಾನು ಕೇಳಿಕೊಂಡು ಕೂತಿರುತ್ತಿದ್ದೆ, ಕೆಲವೊಮ್ಮೆ ನಗುತ್ತಲೂ ಇದ್ದೆ.

ಹೋದ ವರ್ಷ ನಿನ್ನ ಅಮ್ಮನ ತಿಥಿಯ ದಿನವೂ ನೆಂಟರ ಮುಂದೆ ಅದನ್ನೇ ಹೇಳಿದ. ಊಟವಾದ ಮೇಲೆ ಅವನನ್ನು ಹಿತ್ತಿಲಿಗೆ ಕರೆದು, ಚೀಟಿ, ಬೋರ್ಡು, ಬೇರೆಯಿಟ್ಟ ಲೋಟ — ಎಲ್ಲವನ್ನೂ ಹೇಳಿದೆ. ಬಯ್ಯುತ್ತಾನೆ ಅಂದುಕೊಂಡಿದ್ದೆ. ಅವನು ತನ್ನ ಕೈಯ ಮಾತೇ ಎತ್ತಲಿಲ್ಲ.

"ಮನೇಲಿ ಮಗು ಇತ್ತಲ್ಲೇ, ಲಲಿತಾ," ಎಂದ.

ಅಷ್ಟೇ. ಗೋಡೆ ಹಿಡಿದುಕೊಂಡು ಒಳಗೆ ಹೋದ. ಆವತ್ತಿನಿಂದ ನನ್ನ ಜೊತೆ ಮಾತಿಲ್ಲ.

ಬಂದಾಗಲೆಲ್ಲ ನೀನು ಕೇಳುತ್ತೀ, "ಅಪ್ಪಂಗೂ ನಿಮಗೂ ಏನಾಯ್ತು ಅತ್ತೆ? ಕೇಳಿದ್ರೆ ಅಪ್ಪ ಬಾಯೇ ಬಿಡಲ್ಲ." ಅವನು ಬಿಡುವುದೂ ಇಲ್ಲ. ನಿನ್ನ ಎದುರು ನನ್ನ ಮಾನವನ್ನು ಈಗಲೂ ಕಾಯುತ್ತಿದ್ದಾನೆ. ಅದನ್ನು ಅನುಭವಿಸಿಕೊಂಡು ಇರುವುದು ಇನ್ನೊಂದು ಹೇಸಿಗೆಯ ಕೆಲಸ. ಅದನ್ನು ಇನ್ನು ಮಾಡಲಾರೆ.

ಭಾನುವಾರ ನೀನು ಬಂದಾಗ ಈ ಹಾಳೆಗಳನ್ನು ನಿನ್ನ ಕೈಗೆ ಕೊಡುತ್ತೇನೆ. ನೀನು ಓದಿ ಮುಗಿಸುವವರೆಗೂ ಎದುರಿಗೇ ಕೂತಿರುತ್ತೇನೆ. ಎದ್ದು ಒಳಗೆ ಹೋಗುವುದಿಲ್ಲ.