ಗಂಡಸಿನ ಕೈ ಬೀಳದ ಕುಂಬಳಕಾಯಿ

ಕರಜಗಿಯಲ್ಲಿ ಭಾಗಮ್ಮ ಯಾರೆಂದು ಕೇಳಿದರೆ "ಮರೆಮ್ಮನ ಸೊಸಿ" ಅನ್ನುತ್ತಿದ್ದರು, ಅಷ್ಟೇ. ಆಕೆಗೆ ಬೇರೆ ಗುರುತೇ ಇರಲಿಲ್ಲ. ಮದುವೆಯಾದ ವರ್ಷವೇ ಗಂಡ ಕಾಲರಾ ಬಂದು ತೀರಿಕೊಂಡ. ಅಂದಿನಿಂದ ಅತ್ತೆಗೆ ರೊಟ್ಟಿ ಬಡಿದಳು, ಕಾಲು ಒತ್ತಿದಳು. ಮುದುಕಿ ಹಾಸಿಗೆ ಹಿಡಿದ ಮೇಲೆ ಹೇಲು ಉಚ್ಚೆ ಬಳಿದಳು. ಒಂದೇ ಒಂದು ಸಲ "ಚಲೋ ಮಾಡಿದಿ ಭಾಗೀ" ಅನ್ನಿಸಿಕೊಳ್ಳಬೇಕೆಂಬುದು ಆಕೆಯ ಆಸೆ. ಹುಚ್ಚಿ! ಆ ಮುದುಕಿಯ ಬಾಯಿಂದ ಅಂಥ ಮಾತು ಎಂದಾದರೂ ಬಂದೀತೇ?

ನಿಜಾಮರ ಆಳ್ವಿಕೆಯ ಕೊನೆಕೊನೆಯ ವರ್ಷಗಳು. ಮಳೆಗಾಲ ಮುಗಿದು, ಸೀಗಿ ಹುಣ್ಣಿಮೆ ಹತ್ತಿರ ಬಂದಿತ್ತು. ಊರಿಗೆಲ್ಲ ಚಳಿಜ್ವರ. ಮರೆಮ್ಮನ ನಾಡಿ ಹಿಡಿದ ಹಕೀಮ ತಲೆ ಅಲ್ಲಾಡಿಸಿ, "ಇನ್ನ ಏನ್ ಬೇಡ್ತಾರೋ ಕೊಟ್ಟುಬಿಡ್ರಿ" ಅಂದು ಹೋದ.

ಮುದುಕಿ ಬೇಡಿದ್ದು ಕುಂಬಳಕಾಯಿ ಸಾರು.

ಮಾಳಿಗೆಯ ಮೇಲೆ ಬಳ್ಳಿ ಬಿಟ್ಟ ಒಂದೇ ಕಾಯಿ ಹಣ್ಣಾಗಿ ಕೂತಿತ್ತು. ಆದರೆ ಕುಂಬಳಕಾಯಿ ಅಂದರೆ ಮನೆಯ ಮಗ ಇದ್ದ ಹಾಗೆ. ಮೊದಲ ಏಟು ಗಂಡಸೇ ಹಾಕಬೇಕು. ಹೆಂಗಸು ಹಾಕಿದರೆ ಮನೆಯ ಗಂಡಸಿಗೆ ಕೇಡು. ಆ ಮನೆಗೆ ಉಳಿದಿದ್ದ ಗಂಡಸು ಮೈದುನ ದೇವೀಂದ್ರಪ್ಪ ಒಬ್ಬನೇ. ಮರೆಮ್ಮ ತನ್ನ ಬಂಗಾರದ ಬೋರಮಾಳ ಸರವನ್ನು, ಆಳಂದಕ್ಕೆ ಮದುವೆ ಮಾಡಿಕೊಟ್ಟ ಮಗಳು ಕಸ್ತೂರಿಬಾಯಿಯ ಕೊರಳಿಗೆ ಹಾಕಿದ ದಿನವೇ ಅವನು ಮನೆಗೆ ನಡುಗೋಡೆ ಎಬ್ಬಿಸಿದ್ದ. ತಾಯಿಯ ಮುಖ ನೋಡುತ್ತಿರಲಿಲ್ಲ.

ಭಾಗಮ್ಮ ಕಾಯಿ ಹೊತ್ತುಕೊಂಡು ಅವನ ಕಟ್ಟೆಗೆ ಹೋದಳು.

"ತಮ್ಮಾ, ಒಂದ್ ಏಟು ಹಾಕು ಸಾಕು. ಉಳದದ್ದು ನಾ ಮಾಡ್ಕೋತೇನಿ. ನಿಮ್ಮವ್ವ ಉಳಿಯೂದಿಲ್ಲೋ!"

"ಬೋರಮಾಳ ಕೊಟ್ಟಾಳಲ್ಲ, ಆ ಅಳಿಯನ್ನ ಕರಸಿ ಕೊಯ್ಸ್ರಿ ವೈನಿ" ಅಂದ ದೇವೀಂದ್ರಪ್ಪ, ಎಲೆಗೆ ಸುಣ್ಣ ಸವರುತ್ತ. "ಇಲ್ಲಾಂದ್ರ ಕೊಳೀಲಿ ಅದು."

ತಾಯಿಯ ಬಾಯಿಗೆ ಮಣ್ಣು ಹಾಕುವ ಇಂಥವನಿಗೆ ಏನನ್ನಬೇಕು? ಭಾಗಮ್ಮ ಪಕ್ಕದ ಮನೆಯ ಪೀರಪ್ಪನನ್ನು ಕೇಳಿದಳು. ಅವನು ಬಾಗಿಲು ಅರ್ಧ ಮುಚ್ಚಿಯೇ, "ಬ್ಯಾಡ ಯವ್ವಾ. ‘ನಮ್ಮನಿ ಕಾಯಿಗೆ ಕೈ ಹಚ್ಚಿದ್ರ ಕೈ ಮುರೀತೇನಿ’ ಅಂದಾನ ನಿನ್ನ ಮೈದುನ" ಅಂದ.

ಒಳಗೆ ಮುದುಕಿ ಸಾರು ಸಾರು ಎಂದು ಕನವರಿಸುತ್ತಿದ್ದಳು. ಭಾಗಮ್ಮ ಅಡುಗೆಮನೆಯ ಬಾಗಿಲು ಹಾಕಿಕೊಂಡು ಕುಡಗೋಲು ಎತ್ತಿದಳು. ಅಂಥ ಮೈದುನನಿಗೂ ಕೇಡಾಗಬಾರದೆಂದು, "ಬರೂದೆಲ್ಲ ನನಗs ಬರಲಿ" ಅಂದುಕೊಂಡು ಏಟು ಹಾಕಿದಳು. ಹೋಳು ಬೇಯಿಸಿ, ಹಲ್ಲಿಲ್ಲದ ಬಾಯಿಗೆ ತೆಳ್ಳಗಾಗುವಂತೆ ಮಸೆದು, ಬೆಲ್ಲ ಹುಣಸೆ ಹಾಕಿ, ಬೆಳ್ಳುಳ್ಳಿಯ ಒಗ್ಗರಣೆ ಕೊಟ್ಟಳು.

ಬಟ್ಟಲು ತುಟಿಗೆ ಹಿಡಿದಾಗ ಮುದುಕಿ ಕಣ್ಣು ತೆರೆದಳು.

"ಯಾರು ಕೊಯ್ದ್ರು?"

ನಿಜ ಹೇಳಿದರೆ ಒಂದು ಗುಟುಕೂ ಇಳಿಯುವುದಿಲ್ಲವೆಂದು ಭಾಗಮ್ಮನಿಗೆ ಗೊತ್ತಿತ್ತು. "ನಿಮ್ಮ ಮಗ ರೀ, ಅತ್ತಿ" ಅಂದಳು.

ಅಬ್ಬಾ, ಆ ಮುಖ ಅರಳಿದ್ದೇನು! ಬಟ್ಟಲು ಬರಿದಾಯಿತು. ಮುದುಕಿ ಇನ್ನೊಂದು ಬಟ್ಟಲು ಕೇಳಿ ಕುಡಿದಳು. "ನನ್ನ ಹೊಟ್ಟ್ಯಾಗ ಹುಟ್ಟಿದ್ದು ಎಲ್ಲಿ ಹೋಗ್ತದ? ಕಡೀಕೆ ಅವನೇ ಆದ ನನಗ. ಕರಿ ಅವನ್ನ."

ಭಾಗಮ್ಮ ಹೋಗಿ, ‘ಕಡೀಕೆ ನಿನ್ನs ಕೇಳ್ಯಾಳ’ ಅಂದು ಕರೆದಳು. ಬಂದವನು ತಾಯಿಯ ಮಾತು ಕೇಳಿದ, ವೈನಿಯ ಮುಖ ನೋಡಿದ, ಎಲ್ಲ ತಿಳಿದುಕೊಂಡ. "ಹೌದು ಯವ್ವಾ, ನಾನೇ ಕೊಯ್ದೆ" ಅಂದು ತಲೆದಿಂಬಿನ ಹತ್ತಿರ ಕೂತುಬಿಟ್ಟ. ನಾಚಿಕೆಗೇಡಿ!

ಮುದುಕಿ ಅವನ ಕೈ ಹಿಡಿದುಕೊಂಡು ಸೊಸೆಯ ಕಡೆ ತಿರುಗಿದಳು.

"ನೋಡು. ಒಂದs ಏಟಿಗೆ ನನ್ನ ಜೀವ ತಣ್ಣಗ ಮಾಡಿದ. ನೀ ಇಷ್ಟು ವರ್ಷ ಬಿದ್ದಿದ್ದಿ ಈ ಮನ್ಯಾಗ, ಏನ್ ಮಾಡಿದಿ ನನಗ?"

ಭಾಗಮ್ಮ ಬಾಯಿ ತೆರೆದಳು. ತಣ್ಣಗಾದ ಆ ಜೀವವನ್ನು ಮತ್ತೆ ಕದಡುವ ಮನಸ್ಸಾಗದೆ ಮುಚ್ಚಿದಳು.

"ಹೊರಗ ನಡಿ ಬೇ. ಮಗನ ಕೂಡ ಮಾತಾಡೂದದ."

ಭಾಗಮ್ಮ ಹೊರಗೆ ಬಂದು ಒಲೆಯ ಮುಂದೆ ಕೂತಳು. ಹೊತ್ತು ಮುಳುಗುವ ಮುಂಚೆ ಒಳಗಿಂದ ‘ಯವ್ವಾ, ಹೋದ್ಯಾ!’ ಎಂಬ ದೇವೀಂದ್ರಪ್ಪನ ಗೋಳು ಕೇಳಿತು. ಅತ್ತೆಯ ಮುಖ ನೋಡಲು ಓಡಿದವಳನ್ನು ಅವನು ಬಾಗಿಲಲ್ಲೇ ತಡೆದ.

"ಅಳೂದು ಆಮ್ಯಾಗ, ವೈನಿ. ಮೊದಲ ನೀರು ಕಾಸ್ರಿ."