ದೇವದೂತನಿಲ್ಲದ ಗೋಡೆ

ಎರ್ಸಿಲಿಯಾಗೆ ಕಣ್ಣು ಮಂಜಾಗಿ ಎರಡು ವರ್ಷವಾಗಿತ್ತು. ಇಡೀ ಫ್ಲಾರೆನ್ಸಿನಲ್ಲಿ ಅದು ಗೊತ್ತಿದ್ದವನು ನಾನೊಬ್ಬನೇ. ಮ್ಯೂಸಿಯಂ ಬಾಗಿಲೆದುರು ನಾನು ಚರ್ಮದ ಬೆಲ್ಟು ಮಾರುತ್ತೇನೆ. ಅವಳು ಕೊರಳಿಗೆ ಗೈಡಿನ ಬಿಲ್ಲೆ ಹಾಕಿಕೊಂಡು ಪರದೇಶದವರನ್ನು ಒಳಗೆ ಕರೆದೊಯ್ಯುತ್ತಿದ್ದಳು, ಮೂವತ್ತೊಂದು ವರ್ಷ. ಒಮ್ಮೆ ನನ್ನಲ್ಲಿ ಕೆಂಪು ಬೆಲ್ಟನ್ನು ಕಪ್ಪೆಂದು ಆರಿಸಿದಾಗ ಸಿಕ್ಕಿಬಿದ್ದಳು.

"ಯಾರಿಗೂ ಹೇಳಬೇಡ ಕಣೋ ಫೋಸ್ಕೊ. ಬಿಲ್ಲೆ ಕಿತ್ಕೊಂಡ್ರೆ ಮನೇಲಿ ಕೂತು ಗೋಡೆ ನೋಡ್ಬೇಕು. ಅದೂ ನೆಟ್ಟಗೆ ಕಾಣಲ್ಲ."

ಅವಳಿಗೆ ಕಣ್ಣಿನ ಅಗತ್ಯವೂ ಅಷ್ಟಿರಲಿಲ್ಲ. ಮೆಟ್ಟಿಲು ಹತ್ತಿ ಬಲಕ್ಕೆ ಇಪ್ಪತ್ತೆರಡು ಹೆಜ್ಜೆ, ಎಡಗೋಡೆಯಲ್ಲಿ ಕನ್ಯೆ ಮರಿಯಾಳಿಗೆ ಏಸು ಹುಟ್ಟುವ ಸುದ್ದಿ ತಂದ ದೇವದೂತನ ಚಿತ್ರ. ಎಲ್ಲ ಹೀಗೇ ಲೆಕ್ಕ. ನೋಡಿ ಹೇಳುವವರಿಗಿಂತ ಚೆನ್ನಾಗಿ ಹೇಳುತ್ತಿದ್ದಳು.

ಅವಳದೊಂದು ಕೆಟ್ಟ ಚಾಳಿ, ನಿಜ ಹೇಳುವುದು. ಗಿರಾಕಿಯೊಬ್ಬಳು ನನ್ನ ಬೆಲ್ಟು ಹಿಡಿದು ಇದು ಅಸಲಿ ಚರ್ಮವೇ ಎಂದು ಕೇಳಿದಾಗ ಇವಳು ಮೂಸಿ, "ಇದರ ಹಸು ಕಾರ್ಖಾನೇಲಿ ಹುಟ್ಟಿದ್ದಮ್ಮಾ," ಅಂದುಬಿಟ್ಟಳು. ಸುಳ್ಳಾಗಿದ್ದರೆ ನಾನು ನಕ್ಕುಬಿಡುತ್ತಿದ್ದೆ.

ಎರಡು ದಿನ ಬಿಟ್ಟು, ಬೆಳಿಗ್ಗೆ ಕಾಫಿ ಕುಡಿಯುತ್ತಾ ಮ್ಯೂಸಿಯಂ ಕಾವಲುಗಾರ ನೇದೊ ಹೇಳಿದ: "ದೇವದೂತನ್ನ ರಿಪೇರಿಗೆ ಇಳಿಸಿದಾರೆ. ಆ ಜಾಗಕ್ಕೆ ಯಾವನೋ ದಪ್ಪ ವ್ಯಾಪಾರಿ ಬಂದಿದಾನೆ. ನಿನ್ ಥರಾನೇ."

ಅಷ್ಟರಲ್ಲಿ ಎರ್ಸಿಲಿಯಾ ಬಂದಳು, ಹಿಂದೆ ಸ್ಪೇನಿನ ಹನ್ನೆರಡು ಜನ ಮೇಷ್ಟರು. "ಏನೋ, ಇನ್ನೂ ಕೋಪಾನಾ?" ಎಂದಳು.

ಒಂದು ಮಾತು ಹೇಳಿದ್ದರೆ ಸಾಕಿತ್ತು. ಹೇಳಲಿಲ್ಲ. ಅಂಗಡಿಗೆ ಬಟ್ಟೆ ಎಳೆದು, ಜನ್ಮದಲ್ಲಿ ಮೊದಲ ಸಲ ಟಿಕೆಟ್ ಕೊಂಡು ಅವರ ಹಿಂದೆಯೇ ಹತ್ತಿದೆ. ತಮಾಷೆ ನೋಡಬೇಕಿತ್ತು ನನಗೆ.

ಇಪ್ಪತ್ತೆರಡನೇ ಹೆಜ್ಜೆಗೆ ನಿಂತು ಎಡಗೋಡೆಯತ್ತ ಕೈ ಚಾಚಿದಳು. ಗೋಡೆಯ ಮೇಲೆ ಗಡ್ಡದ ವ್ಯಾಪಾರಿ, ಹೊಟ್ಟೆಯ ಮೇಲೆ ಕೈ.

"ಈ ಹುಡುಗಿ ಮುಖ ನೋಡಿ," ಎಂದಳು ಮೆಲ್ಲಗೆ. "ಹದಿನಾರೂ ದಾಟಿಲ್ಲ. ಹೆದರಿಕೆಗೆ ಬೆರಳು ಪುಸ್ತಕದ ಪುಟದಲ್ಲೇ ಸಿಕ್ಕಿಕೊಂಡಿದೆ."

ಯಾರೋ ಕಿಸಕ್ಕೆಂದರು. "ಹುಡುಗಿಗೆ ಗಡ್ಡ ಬೇಗ ಬಂದಿದೆ," ಎಂದರು ಕನ್ನಡಕದ ಮೇಷ್ಟರೊಬ್ಬರು. ಎಲ್ಲರೂ ನಕ್ಕರು. ನಗಲೆಂದೇ ಹತ್ತಿ ಬಂದಿದ್ದ ನನಗೆ ಮಾತ್ರ ನಗು ಬರಲಿಲ್ಲ.

ಎರ್ಸಿಲಿಯಾ ಚಾಚಿದ ಕೈಯನ್ನು ಇಳಿಸಲಿಲ್ಲ. ಕತ್ತು ಕೆಂಪಾಯಿತು. "ನೇದೊ, ಅಲ್ಲೇನಿದೆ?"

ನೇದೊ ಕುರ್ಚಿಯಿಂದೆದ್ದ. "ಅಯ್ಯೋ, ಕಾಣ್ತಿಲ್ವಾ ಅಮ್ಮಾ? ದೇವದೂತ ರಿಪೇರಿಗೆ ಹೋಗಿದಾನೆ. ಫೋಸ್ಕೊಗೆ ಬೆಳಿಗ್ಗೇನೇ ಹೇಳಿದ್ನಲ್ಲ. ಅಗೋ, ನಿಮ್ಮ ಹಿಂದೇನೇ ನಿಂತಿದಾನೆ."

ಅವಳು ತಿರುಗಿದಳು, ನಾನಿದ್ದ ಕಡೆಗಿಂತ ತುಸು ಪಕ್ಕಕ್ಕೆ. "ನಗೋಕೆ ಬಂದ್ಯಾ?"

ಕೈಯಲ್ಲಿದ್ದ ಟಿಕೆಟ್ಟನ್ನು ಜೇಬಿಗೆ ತುರುಕಿದೆ.

"ನನಗೆ ಕಣ್ಣು ಕಾಣಲ್ಲ," ಎಂದು ಅವಳು ಮೇಷ್ಟರಿಗೆ ಹೇಳಿದಳು. "ಮುಚ್ಚಿಟ್ಟಿದ್ದು ನನ್ನ ತಪ್ಪು. ಕ್ಷಮಿಸಿ." ಕೊರಳ ಬಿಲ್ಲೆ ತೆಗೆದು ನೇದೊನ ಕೈಗಿಟ್ಟಳು.

ಮೆಟ್ಟಿಲ ಬಳಿ ತೋಳು ಚಾಚಿದೆ. "ನಾನು ಫೋಸ್ಕೊ. ಹಿಡ್ಕೋ."

"ಗೊತ್ತು," ಎಂದಳು. ಆಮೇಲೆ ಗಡ್ಡದ ಮಾತಾಡಿದ ಮೇಷ್ಟರನ್ನೇ ಕರೆದು, ಅವರ ತೋಳು ಹಿಡಿದು ಇಳಿದಳು.